ಆಪಿನೊಳಗಿನ ಗೂಡು

ಕಾಲುವೆ ಕ್ಯಾಂಪು, ಚೀಕಲಪರ್ವಿ ದಾರಿ
ಮಾನ್ವಿ ತಾಲ್ಲೂಕು
12-2-1978

ಪ್ರೀತಿಯ ಅನ್ವರಿ,

ಮೂರು ಗಂಟೆಗೆ ಎಚ್ಚರವಾಯಿತು. ಕೂಸು ಅತ್ತದ್ದಲ್ಲ, ಅದು ಆಗತಾನೇ ಕಣ್ಣು ಮುಚ್ಚಿತ್ತು. ಹಿತ್ತಲ ಕಡೆಯಿಂದ ಎಣ್ಣೆ ಕಾಣದ ಬಾವಿಯ ಗಾಲಿ ತಿರುಗಿದ ಹಾಗೆ ಒಂದು ಸದ್ದು. ಕರ್ರ, ಕರ್ರ, ಆಮೇಲೆ ಕೀತ್ ಕೀತ್ ಕೀತ್, ನಡುವೆ ಕಪ್ಪೆಯ ಗಂಟಲು. ಈ ಹೊತ್ತಿನಲ್ಲಿ ಯಾರು ನೀರು ಸೇದುತ್ತಾರೆ ಎಂದು ಎದ್ದು ಕೂತೆ. ಆಮೇಲೆ ನೆನಪಾಯಿತು, ಇಲ್ಲಿ ಬಾವಿಯೇ ಇಲ್ಲ.

ಗಬ್ಬೂರಿನಲ್ಲಿ ಅವ್ವನ ಹತ್ತಿರ ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು ಎರಡು ವಾರವಾಯಿತು. ಮನೆ ಅಂದರೆ ಕಾಲುವೆ ಇಲಾಖೆಯ ಕ್ವಾರ್ಟರ್ಸು. ಸಾಲಾಗಿ ಆರು ಮನೆ, ಒಂದು ಸೆಕ್ಷನ್ ಆಫೀಸು, ಆಫೀಸಿನಲ್ಲಿ ಒಂದು ಫೋನು, ಫೋನಿನ ಪಕ್ಕ ಮಲಗುವ ವಾಚ್‌ಮನ್ ಸುಂಕಪ್ಪ. ನಮ್ಮವರು ವರ್ಕ್ ಇನ್ಸ್‌ಪೆಕ್ಟರ್. ಫೋನು ಗೇಟು ಎತ್ತು ಅಂದರೆ ಎತ್ತಿಸುತ್ತಾರೆ, ಇಳಿಸು ಅಂದರೆ ಇಳಿಸುತ್ತಾರೆ. ನಾನು ಉಪ್ಪು ತನ್ನಿ ಎಂದು ಮೂರು ದಿನ ಹೇಳಬೇಕು. ಫೋನು ಒಂದು ಸಲ ಬಡಿದರೆ ಸಾಕು, ಊಟದ ತಟ್ಟೆ ಬಿಟ್ಟು ಏಳುತ್ತಾರೆ.

ಹಿತ್ತಲ ಆಚೆ ಯಾರದೋ ಜೋಳದ ಹೊಲವಿತ್ತಂತೆ. ಕಾಲುವೆಯ ನೀರು ಒಸರಿ ಒಸರಿ ಅದು ಜವುಳು ಹಿಡಿಯಿತು. ಈಗ ಅದರ ತುಂಬ ಆಪು, ಚಾಪೆ ಹೆಣೆಯುತ್ತಾರಲ್ಲ ಅದೇ ಹುಲ್ಲು, ಆಳಿಗಿಂತ ಎತ್ತರ, ತುದಿಗೆ ಕಂದು ಬಣ್ಣದ ತೆನೆ. ಸದ್ದು ಅದರೊಳಗಿಂದ ಬರುತ್ತದೆ. ಬೆಳಿಗ್ಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತು ನೋಡಿದೆ. ಮೊದಲು ಒಂದು ಗರಿಯಷ್ಟೇ ಅಲುಗಿತು. ಬಹಳ ಹೊತ್ತಿನ ಮೇಲೆ ಅದು ಕಡ್ಡಿ ಹಿಡಿದು ಮೇಲೆ ಏರಿ ಬಂತು. ಗುಬ್ಬಿಗಿಂತ ಉದ್ದ, ಮಣ್ಣಿನ ಬಣ್ಣ, ಕಣ್ಣಿನ ಮೇಲೆ ತೆಳುವಾದ ಬಿಳಿ ಗೆರೆ. ಹಾಡುವಾಗ ಗಂಟಲು ಉಬ್ಬುತ್ತದೆ, ನೆತ್ತಿಯ ಪುಕ್ಕ ನಿಲ್ಲುತ್ತದೆ, ಬಾಯೊಳಗೆ ಕಿತ್ತಳೆಯ ಬಣ್ಣ. ಇಷ್ಟು ಚಿಕ್ಕ ಮೈಯಿಂದ ಅಷ್ಟು ದೊಡ್ಡ ಗದ್ದಲ. ಸುಂಕಪ್ಪನನ್ನು ಕೇಳಿದರೆ, ಅದು ಆಪಿನಾಗಿನ ಹಕ್ಕಿ ಅಂದ. ಹೆಸರೇನು ಅಂದರೆ, ಅದೇ ಹೆಸರು ಅಂದ.

ನೀನು ಕಾಲೇಜಿನಲ್ಲಿ ಕಪ್ಪೆ, ಜಿರಳೆ ಕುಯ್ಯಿಸುವವಳು, ಗೊತ್ತಿರಬಹುದು. ಯಾವ ಹಕ್ಕಿ ಇದು? ಕೂಸಿಗೆ ಹೆಸರಿಟ್ಟೆವು: ಪಕೀರಮ್ಮ. ಅತ್ತೆ ದರ್ಗಾಕ್ಕೆ ಹರಕೆ ಹೊತ್ತಿದ್ದರು. ನಾನು ಬೇರೆ ಹೆಸರು ಯೋಚಿಸಿದ್ದೆ. ಆದರೆ ಕರೆದು ಕರೆದು ಈಗ ಇದೇ ಇಷ್ಟವಾಗಿದೆ.

ನಿನ್ನ
ಅಮರಮ್ಮ

*

ರಾಯಚೂರು
21-2-1978

ಅಮರಾ,

ನಿನ್ನ ಕಾಗದ ಓದಿ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ಅಟೆಂಡರ್ ಬಂದು ಮೇಡಂ ಹುಷಾರಿದ್ದೀರಾ ಎಂದು ಕೇಳಿದ.

ಕಪಾಟಿನ ಹಳೇ ಪುಸ್ತಕ ತೆಗೆದು ನೋಡಿದೆ. ಅದು ಜೊಂಡಿನ ಉಲಿಯಕ್ಕಿಯೇ ಇರಬೇಕು. ಗಂಟಲು, ನೆತ್ತಿ, ಬಾಯಿ ಎಲ್ಲ ನೀನು ಬರೆದಂತೆಯೇ ಇದೆ. ಹಕ್ಕಿ ನೋಡುವವರೇ ಇದನ್ನು ಕಡಿಮೆ ನೋಡಿದ್ದಾರೆ, ಯಾಕಂದರೆ ಜೊಂಡು, ಅಂದರೆ ನಿನ್ನ ಆಪು, ಬಿಟ್ಟು ಹೊರಗೆ ಬರುವುದಿಲ್ಲ. ಜೊಂಡು ಹೋದರೆ ಅದೂ ಹೋಯಿತು. ಈ ಪುಸ್ತಕದ ಪ್ರಕಾರ ನಮ್ಮ ಸೀಮೆಗೆ ಅದು ಚಳಿಗಾಲದ ನೆಂಟ, ಬಿಸಿಲು ಏರುವ ಮುಂಚೆ ಹೊರಟುಬಿಡುತ್ತದೆ. ಏಪ್ರಿಲ್‌ನಲ್ಲೂ ಹಾಡುತ್ತಿದ್ದರೆ ಅಲ್ಲೇ ಸಂಸಾರ ಹೂಡಿದೆ ಎಂದರ್ಥ. ಹಾಗಾದರೆ ಗೂಡು ಹುಡುಕು. ನಾವಿಬ್ಬರೂ ಸೇರಿ ಬರೆದು ಕಳಿಸೋಣ. ಪುಸ್ತಕ ಬರೆದವರಿಗೆ ಕಾಣದ್ದು ಕ್ಯಾಂಪಿನ ಅಮರಮ್ಮನಿಗೆ ಕಂಡಿತು ಎಂದಾಗಲಿ.

ನಮ್ಮ ಮನೆಯಲ್ಲೂ ಒಂದು ಸುದ್ದಿ. ಮಾವನವರ ಅಂಗಡಿಗೆ ಫೋನ್ ಬಂದಿದೆ. ಯಾರೂ ಮುಟ್ಟಬಾರದೆಂದು ನಂಬರ್ ತಿರುಗಿಸುವ ಚಕ್ರಕ್ಕೆ ಮಾವ ಕುತುಬುದ್ದೀನ್ ಸಾಹೇಬರು ಬೀಗ ಹಾಕಿಸಿದ್ದಾರೆ. ಬೀಗದ ಕೈ ರಾತ್ರಿ ಅವರ ದಿಂಬಿನ ಕೆಳಗೆ ಮಲಗುತ್ತದೆ.

ಎಷ್ಟು ಹಕ್ಕಿ ಇವೆ, ಯಾವ ಹೊತ್ತಿಗೆ ಹಾಡುತ್ತವೆ ಬರೆ. ಅತ್ತೆಯವರಿಗೆ, ನಿಮ್ಮ ಯಜಮಾನರು ಹನುಮಂತ್ರಾಯರಿಗೆ ಸಲಾಂ ತಿಳಿಸು.

ಅನ್ವರಿ

*

ಕ್ಯಾಂಪು
6-3-1978

ಅನ್ವರಿ,

ಇನ್ನೂ ಹಾಡುತ್ತಿವೆ. ಎರಡು ಕಡೆಯಿಂದ ಕೇಳುತ್ತದೆ, ಕಾಲುವೆ ಏರಿಯ ಬುಡದಲ್ಲೊಂದು, ಸುಂಕಪ್ಪನ ಎಮ್ಮೆ ಹೊರಳುವ ಗುಂಡಿಯ ಆಚೆ ಒಂದು. ಒಂದು ನಿಲ್ಲಿಸಿದರೆ ಇನ್ನೊಂದು ಶುರು, ಓಣಿಯ ಜಗಳದ ಹಾಗೆ. ಮಧ್ಯರಾತ್ರಿಯೂ ಉಂಟು, ನಸುಕಿನಲ್ಲಂತೂ ಬಿಡುವೇ ಇಲ್ಲ. ನಾನು ಎಚ್ಚರವಾಗಿಯೇ ಇರುತ್ತೇನೆ, ಆದ್ದರಿಂದ ಲೆಕ್ಕ ತಪ್ಪಿಲ್ಲ.

ನಿನಗೆ ನಗು ಬರಿಸುವ ಒಂದು ಸಂಗತಿ ಹೇಳುತ್ತೇನೆ. ಮೊನ್ನೆ ಕೂಸಿನ ಅರಿವೆ ತಂತಿಯ ಮೇಲೆ ಮರೆತು ಮಲಗಿದ್ದೆ. ಬೆಳಿಗ್ಗೆ ಅತ್ತೆ ನೋಡಿ ಎದೆ ಎದೆ ಬಡಿದುಕೊಂಡರು. ರಾತ್ರಿ ಹಾರುವ ಹಕ್ಕಿಯ ನೆರಳು ಕೂಸಿನ ಬಟ್ಟೆಯ ಮೇಲೆ ಬಿದ್ದರೆ ಆ ನೆರಳು ಕೂಸಿಗೆ ಹತ್ತುತ್ತದಂತೆ. ಕೂಸು ಸೊರಗುತ್ತದೆ, ಮುಂಗೈ ಮಡಿಚಿ ಹಕ್ಕಿಯ ಕಾಲಿನಂತಾಗುತ್ತದೆ. ಎಲ್ಲ ಬಟ್ಟೆ ಅರಿಶಿಣದ ನೀರಿನಲ್ಲಿ ಅದ್ದಿಸಿದರು. ನಾನು ಬಾಯಿ ಮುಚ್ಚಿಕೊಂಡು ನಕ್ಕಿದ್ದು ಕಂಡಿತು.

"ಬಿಯೆಸ್ಸಿ ಓದೀಯಂತ. ಹೊತ್ತು ಮುಳುಗೋದ್ರಾಗ ಕೂಸಿನ ಅರಿವಿ ಒಳಗ ತರಬೇಕು ಅಂತ ಅದರಾಗ ಬರದಿಲ್ಲೇನು?"

ಬರೆದಿಲ್ಲರೀ ಅತ್ತಿ ಅಂದೆ. "ಹಂಗಾರ ಆ ಪುಸ್ತಕ ಕಟ್ಟಿಗಿ ಸಂಗಾಟ ಒಲಿಗೆ ಹಾಕು" ಎಂದು ತಾವೂ ನಕ್ಕರು. ನಮ್ಮತ್ತೆ ಬಂಡೆಮ್ಮ ಅಂದರೆ ಕ್ಯಾಂಪಿಗೆಲ್ಲ ಹೆದರಿಕೆ. ಆದರೆ ರಾತ್ರಿ ನನ್ನ ತೋಳು ಸೋತಾಗ ಕೂಸನ್ನು ತೆಗೆದುಕೊಳ್ಳುವವರೂ ಅವರೇ.

ಕೂಸು ಚೆನ್ನಾಗಿದೆ. ಸ್ವಲ್ಪ ಕೆಮ್ಮು. ಗಬ್ಬೂರಿನಲ್ಲಿದ್ದಾಗ ಹಾಕುತ್ತಿದ್ದ ಅಂಗಿಯೇ ಇನ್ನೂ ಸಡಿಲವಾಗಿದೆ, ಅಷ್ಟೇ.

ನಮ್ಮ ದಾರಿಯ ಬಸ್ಸಿನ ಡ್ರೈವರ್ ದಸ್ತಗೀರ್ ಸಾಬ್ ನಿಮ್ಮ ಗಲ್ಲಿಯವರಂತೆ. ಅನ್ವರಿ ನಮ್ಮ ಓಣಿ ಸೊಸಿ ಎಂದು ನನ್ನ ಮುಂದೆ ಜಂಬ ಕೊಚ್ಚಿದರು.

ಅಮರಾ

*

ರಾಯಚೂರು
15-3-1978

ಅಮರಾ,

ಎರಡು ಹಕ್ಕಿ, ಅದೂ ಮಾರ್ಚಿನಲ್ಲಿ! ಎರಡೂ ಒಂದೊಂದು ಜಾಗ ಹಿಡಿದು ಹಾಡುತ್ತಿದ್ದರೆ ಅದು ಜಗಳವೇ, ಗಡಿ ಜಗಳ. ಗೂಡು ಖಂಡಿತ ಕಟ್ಟುತ್ತವೆ. ನೀರಿನ ಮೇಲೆ ಮೂರು ನಾಲ್ಕು ಕಡ್ಡಿ ಸೇರಿಸಿ ಹೆಣೆದ ಆಳವಾದ ಬಟ್ಟಲಿನಂತೆ ಇರುತ್ತದಂತೆ. ಹತ್ತಿರ ಹೋಗಬೇಡ. ಕಡ್ಡಿ ಸರಿಸಿದರೆ ಬಿಟ್ಟು ಹೋದಾವು.

ನಿದ್ದೆ ಇಲ್ಲವೆಂದು ಕೊರಗಬೇಡ. ರಾತ್ರಿಯ ಹಾಡು ಕೇಳಲು ನಿನಗಿಂತ ಒಳ್ಳೆಯವರು ಯಾರು ಸಿಗುತ್ತಾರೆ? ನಮ್ಮ ಹೆಡ್ ಮೇಡಂ ಕೂಡ ಕೇಳಿ ಬೆರಗಾದರು. ಮೊಟ್ಟೆಯ ಬಣ್ಣ ಕಂಡರೆ ಬರೆ.

ಅನ್ವರಿ

*

ಕ್ಯಾಂಪು
5-4-1978

ಅನ್ವರಿಗೆ,

ನೀನು ಕೇಳಿದ್ದು ಸಿಕ್ಕಿದೆ. ಕಾಲುವೆ ಬಂದಾಗಿ ಜವುಳಿನ ನೀರು ಇಳಿದಿದೆ, ಅಂಚಿನ ತನಕ ಹೋಗಬಹುದು. ಎಮ್ಮೆ ಗುಂಡಿಯ ಆಚೆ, ನಾಲ್ಕು ಕಡ್ಡಿಯ ನಡುವೆ ಗೂಡು. ಹಸಿ ಎಲೆ ಸೀಳಿ ಸುತ್ತಿದೆ, ಒಳಗೆ ಆಪಿನ ತೆನೆಯ ಅರಳೆ ಹಾಸಿದೆ. ಗಾಳಿಗೆ ನಾಲ್ಕು ಕಡ್ಡಿ ನಾಲ್ಕು ಕಡೆ ಬಾಗುತ್ತವೆ, ಗೂಡು ಬಾಗುವುದಿಲ್ಲ, ತೊಟ್ಟಿಲಿನಂತೆ ತೂಗುತ್ತದಷ್ಟೇ. ಮೊಟ್ಟೆ ಮೂರು, ಮಾಸಲು ಹಸಿರಿನ ಮೇಲೆ ಕಂದು ಚುಕ್ಕೆ. ಸಂತೋಷಕ್ಕೆ ಮನೆಗೆ ಓಡಿ ಬಂದು ಎಲ್ಲರಿಗೂ ಹೇಳಿದೆ. ಅತ್ತೆ ಎಲ್ಲಿ, ಯಾವ ಕಡೆ ಎಂದು ಎರಡು ಸಲ ಕೇಳಿದರು. ಅವರಿಗೂ ಹಕ್ಕಿಯ ಹುಚ್ಚು ಹಿಡಿಯಿತೆಂದು ಖುಷಿಯಾಯಿತು.

ನಿನ್ನ ಹೆಡ್ ಮೇಡಂಗೆ ಇದಿಷ್ಟು ತೋರಿಸು. ಮುಂದಿನದು ತೋರಿಸಬೇಡ.

ಕೂಸಿನ ಕೆಮ್ಮು ಹೋಗಿಲ್ಲ. ಒಲೆ ಹೊತ್ತಿಸಿದರೆ ಹೆಚ್ಚು, ಅದಕ್ಕೇ ತೊಟ್ಟಿಲು ಹೊರಗಿನ ಕೋಣೆಗೆ ತಂದಿದ್ದೇನೆ. ಹಾಲು ಎಳೆಯುತ್ತದೆ, ಬಿಡುತ್ತದೆ, ಸುಸ್ತಾಗಿ ನನ್ನ ಮುಖ ನೋಡುತ್ತದೆ. ಮಾನ್ವಿಯಲ್ಲಿ ಕೊಟ್ಟ ಕೆಂಪು ಔಷಧ ಎರಡು ಬಾಟಲಿ ಮುಗಿಯಿತು. ಮೊನ್ನೆ ಎಣ್ಣೆ ಹಚ್ಚುವಾಗ ಮುಂಗೈ ಒಳಕ್ಕೆ ಮಡಿಚಿತ್ತು. ಎಲ್ಲ ಕೂಸುಗಳೂ ಹಾಗೆ ಮಡಿಚುತ್ತವೆ, ನನಗೆ ಗೊತ್ತು. ಆದರೂ ಸಂಜೆ ಹೊತ್ತು ಮುಳುಗುವ ಮುಂಚೆ ತಂತಿಯ ಮೇಲಿನ ಅರಿವೆ ಎಲ್ಲ ಎಳೆದುಕೊಂಡು ಒಳಗೆ ಬಂದೆ. ಯಾರೂ ಹೇಳಿರಲಿಲ್ಲ. ಅಂದಿನಿಂದ ದಿನವೂ ತರುತ್ತಿದ್ದೇನೆ.

ರಾತ್ರಿ ಆ ಹಕ್ಕಿ ಶುರು ಮಾಡಿದರೆ ಈಗ ನಾನು ಲೆಕ್ಕ ಇಡುವುದಿಲ್ಲ. ಕೂಸಿನ ಕಿವಿ ಮುಚ್ಚುತ್ತೇನೆ.

ಒಂದು ಮಾತು ಕೇಳಲೇ? ಇಷ್ಟು ಕಾಗದಗಳಲ್ಲಿ ನೀನು ಮೊಟ್ಟೆಯ ಬಣ್ಣ ಕೇಳಿದೆ, ಹಾಡುವ ಹೊತ್ತು ಕೇಳಿದೆ. ಸುಂಕಪ್ಪನ ಎಮ್ಮೆಯನ್ನಾದರೂ ಕೇಳುತ್ತಿದ್ದೆಯೋ ಏನೋ. ಪಕೀರಮ್ಮ ಹೇಗಿದ್ದಾಳೆ ಎಂದು ಒಂದು ಸಲವೂ ಕೇಳಲಿಲ್ಲ. ಹಾಸ್ಟೆಲಿನಲ್ಲಿ ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕಿದವಳು ನೀನೇನಾ?

ಅಮರಮ್ಮ

*

(ಕಾರ್ಡು)
ಕ್ಯಾಂಪು
18-4-1978

ಉತ್ತರ ಬರಲಿಲ್ಲ. ನಿನ್ನ ಗೂಡಿನಲ್ಲಿ ಮೊಟ್ಟೆ ಒಡೆದು ಮರಿ ಆಗಿವೆ. ಮೂರು ಬಾಯಿ ಕಾಣುತ್ತವೆ. ಹಕ್ಕಿಯ ವಿಷಯ ಇನ್ನು ಬರೆಯುವುದಿಲ್ಲ.

ಅಮರಮ್ಮ

*

ದೇವದುರ್ಗ
22-4-1978

ನನ್ನ ಅಮರಾ,

ನಿನ್ನ ಕಾಗದವನ್ನೂ ಕಾರ್ಡನ್ನೂ ನಮ್ಮವರು ರಾಯಚೂರಿನಿಂದ ನಿನ್ನೆ ತಂದುಕೊಟ್ಟರು. ನಾನು ಈ ತಿಂಗಳ ಮೊದಲಿನಿಂದ ದೇವದುರ್ಗದಲ್ಲಿದ್ದೇನೆ. ನಾದಿನಿ ಅಕ್ಬರಿ ಬೇಗಂಗೆ ಗಂಡುಮಗು. ನಲವತ್ತನೇ ದಿನದ ಊಟಕ್ಕೆ ಅಡುಗೆಗೆ ಕೈ ಬೇಕೆಂದು ಕರೆಸಿಕೊಂಡರು.

ಅಡುಗೆಗೆ ನನ್ನ ಕೈ ಆಗುತ್ತದೆ, ಅಮರಾ. ಮೊನ್ನೆ ಒಬ್ಬ ಹುಡುಗಿ ತಿಳಿಯದೆ ಮಗುವನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ಬೆಚ್ಚಗಿತ್ತು. ನೆತ್ತಿ ಮೂಸಿ ನೋಡಿದೆ. ಅಷ್ಟರಲ್ಲಿ ದೊಡ್ಡಮ್ಮ ದಾವಲ್ ಬೀ ಬಂದು ಹಾಲು ಕುಡಿಸುವ ಹೊತ್ತಾಯಿತು ಎಂದು ಎತ್ತಿಕೊಂಡರು. ಮಗು ಆಗತಾನೇ ಕುಡಿದಿತ್ತು. ಜಗಳವಿಲ್ಲ, ಬೈಗುಳವಿಲ್ಲ, ನಗುತ್ತಲೇ ಎತ್ತಿಕೊಂಡರು. ಆಮೇಲೆ ಬಾಗಿಲ ಹಿಂದೆ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ನಜರ್ ಬಿದ್ದಿದ್ದರೆ ಮೆಣಸಿನಕಾಯಿ ಘಾಟು ಹೊಡೆಯುವುದಿಲ್ಲ ಎನ್ನುತ್ತಾರಲ್ಲ. ಒಳಗಿದ್ದವರಾರೂ ಕೆಮ್ಮಲಿಲ್ಲವಂತೆ. ನನಗೆ ಮಾತ್ರ ಕಣ್ಣು ಉರಿಯಿತು.

ನನಗೆ ಎರಡು ಸಲ ಬಸಿರು ನಿಂತು ಕಳೆದುಹೋಗಿದೆ. ನಿನಗೆ ಬರೆದಿಲ್ಲ. ಎರಡನೆಯದು ಹೋದ ವರ್ಷ, ನೀನು ಬಸುರಿ ಎಂದು ಬರೆದ ವಾರದಲ್ಲೇ. ಅಂದಿನಿಂದ ನಮ್ಮ ಓಣಿಯಲ್ಲಿ ನಾನು ಯಾರ ಮಗುವನ್ನು ಕೇಳಿದರೂ ಅವರು ಸೆರಗು ಮುಂದಕ್ಕೆ ಎಳೆಯುತ್ತಾರೆ. ಮಗು ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ. ಏನೋ ಇದೆ, ದೇವರಿಟ್ಟ ಹಾಗೆ ಎನ್ನುತ್ತಾರೆ. ಹಾಗಾಗಿ ಕೇಳುವುದನ್ನೇ ಬಿಟ್ಟೆ. ನಿನಗೆ ಬರೆಯುವಾಗ ಪ್ರತಿ ಸಲ ನಿನ್ನ ಮಗಳ ಹೆಸರಿನ ಹತ್ತಿರ ಬಂದು ಪೆನ್ನು ಎತ್ತಿದ್ದೇನೆ. ನಾಳೆ ಅದಕ್ಕೆ ಒಂದು ಸಣ್ಣ ಜ್ವರ ಬಂದರೂ ಅನ್ವರಿ ಕೇಳಿದ್ದಕ್ಕೇ ಬಂತು ಎಂದು ನಿನ್ನ ಅತ್ತೆಯವರಿಗೆ ಅನ್ನಿಸಿದರೆ? ನಿನಗೇ ಅನ್ನಿಸಿದರೆ? ಅದಕ್ಕೇ ಹಕ್ಕಿಯನ್ನು ಕೇಳಿದೆ. ಹಕ್ಕಿಗೆ ನನ್ನ ಕಣ್ಣು ತಾಗಲಿಕ್ಕಿಲ್ಲ ಅಂದುಕೊಂಡೆ.

ನಾನೂ ಬಿ.ಎಸ್ಸಿ.ಯೇ, ಅಮರಾ. ನಗಬೇಡ.

ಕೆಮ್ಮಿನ ವಿಷಯ ಓದಿ ನನಗೆ ಕೂರಲಾಗಲಿಲ್ಲ. ರಾಯಚೂರಿನಲ್ಲಿ ಮಕ್ಕಳನ್ನೇ ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆ, ಎದೆಯ ಫೋಟೋ ತೆಗೆಸಿ ನೋಡುತ್ತಾರೆ. ಮಂಗಳವಾರ ನಾನು ರಾಯಚೂರಿಗೆ ವಾಪಸು. ಹೇಗೆ ಮಾಡೋಣ ಬರೆ.

ನಿನ್ನ
ಅನ್ವರಿ

*

ಕ್ಯಾಂಪು
27-4-1978, ಗುರುವಾರ ಸಂಜೆ

ನನ್ನ ಅನ್ವರಿ,

ಇದನ್ನು ದಸ್ತಗೀರ್ ಸಾಬರ ಕೈಯಲ್ಲಿ ಕೊಡುತ್ತಿದ್ದೇನೆ. ಕೊನೆಯ ಬಸ್ಸು ಏರಿಯ ಮೇಲೆ ನಿಂತಿದೆ, ರೇಡಿಯೇಟರಿಗೆ ನೀರು ಹಾಕುವ ತನಕ ನನಗೆ ಸಮಯ. ಮನೆಗೆ ಹೋಗುವ ಮುಂಚೆ ನಿನ್ನ ಬಾಗಿಲು ಬಡಿಯುತ್ತೇನೆಂದು ಮಾತು ಕೊಟ್ಟಿದ್ದಾರೆ.

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ನಿನ್ನೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ನಿನ್ನೆ ಪಕೀರಮ್ಮ ಹಾಲು ಮುಟ್ಟಲಿಲ್ಲ. ಸಂಜೆ ಅತ್ತೆ ನನ್ನ ಪಕ್ಕ ಬಂದು ಕೂತರು, ಯಾವತ್ತೂ ಹಾಗೆ ಕೂತವರಲ್ಲ. ನಮ್ಮವರಿಗಿಂತ ಮುಂಚೆ ಎರಡು ಕೂಸು ಹೋಗಿದ್ದವಂತೆ, ಎರಡೂ ಹೀಗೇ ಸೊರಗಿ. ನಮ್ಮವರಿಗೂ ಅದೇ ಆಗಿತ್ತಂತೆ. ಯಾರೋ ಹೇಳಿದರು, ಮರಿ ಇದ್ದ ಗೂಡನ್ನು ಮರಿ ಸಮೇತ ಸುಟ್ಟು ಕೂಸಿಗೆ ಹೊಗೆ ಹಾಕಿದರೆ ಹಕ್ಕಿ ತನ್ನ ನೆರಳು ವಾಪಸು ತೆಗೆದುಕೊಳ್ಳುತ್ತದೆ ಎಂದು.

"ಅವೆರಡಕ್ಕ ಗೂಡು ಸಿಗಲಿಲ್ಲ ಬೇ. ಇವಗ ಸಿಕ್ಕಿತ್ತು. ಇವ ಉಳದ. ನೋಡು, ನಿನ್ನ ಕಣ್ಣ ಮುಂದ ಅದಾನ."

ಬದುಕಿ ಉಳಿದ ಮನುಷ್ಯ ನನ್ನ ಗಂಡ, ಜೋಳದ ರೊಟ್ಟಿ ಮುರಿಯುತ್ತಾ ಎದುರಿಗೆ ಕೂತಿದ್ದರು. ಹೂಂ ಅಂದೆ. ಅನ್ವರಿ, ಒತ್ತಾಯಕ್ಕೆ ಅಂದದ್ದಲ್ಲ. ಹೂಂ ಅಂದ ರಾತ್ರಿ ಎಷ್ಟೋ ವಾರಗಳ ಮೇಲೆ ನನಗೆ ಒಂದಿಷ್ಟು ನಿದ್ದೆ ಬಂತು. ನಾಳೆ ಶುಕ್ರವಾರ. ನಸುಕಿನಲ್ಲಿ ಸುಂಕಪ್ಪ ಕುಡುಗೋಲು ತೆಗೆದುಕೊಂಡು ಆಪಿಗೆ ಇಳಿಯುತ್ತಾನೆ. ಗೂಡು ಎಲ್ಲಿದೆ ಎಂದು ಅವರು ಹುಡುಕಬೇಕಾಗಿಲ್ಲ. ನಾನೇ ಹೇಳಿದ್ದೇನೆ.

ಇವತ್ತು ನಿನ್ನ ಕಾಗದ ಓದಿ ಎಮ್ಮೆ ಗುಂಡಿಯ ತನಕ ಹೋದೆ. ತಾಯಿ ಹಕ್ಕಿ ಏರೋಪ್ಲೇನ್ ಹುಳ ಕಚ್ಚಿಕೊಂಡು ಬಂತು. ಮರಿಗಳಿಗೆ ಪುಕ್ಕ ಬಂದಿದೆ, ಒಂದು ಆಗಲೇ ಗೂಡಿನ ಅಂಚಿಗೆ ಏರಿ ಕೂತಿತ್ತು. ಎರಡು ದಿನದಲ್ಲಿ ಹಾರಿಬಿಡುತ್ತವೆ. ಹಿಂತಿರುಗಿ ಬರುವಾಗ ಅಡುಗೆಮನೆಯಲ್ಲಿ ಅತ್ತೆ ಒಲೆ ಹೊತ್ತಿಸಿದ್ದರು. ಹೊರಗಿನ ಕೋಣೆಯಲ್ಲಿ ಕೂಸು ಕೆಮ್ಮತೊಡಗಿತು. ನೀಲಿಗಟ್ಟುವ ತನಕ ಕೆಮ್ಮಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಒಂದು ಒಲೆಯ ಹೊಗೆ ತಾಳದ ಕೂಸನ್ನು ಹಸಿ ಆಪಿನ ಹೊಗೆಯ ಮೇಲೆ ಹಿಡಿಯುತ್ತಾರೆ. ಇದು ನಿನ್ನೆ ಯಾಕೆ ನನಗೆ ಹೊಳೆಯಲಿಲ್ಲ? ತೊಟ್ಟಿಲನ್ನು ಒಲೆಯಿಂದ ದೂರ ತಂದವಳು ನಾನೇ ಅಲ್ಲವೇ?

ಬೇಡ ಎಂದೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಜಗಳವಾಡುತ್ತಿದ್ದೆ. ಮರಿ ಹಾರಿದ ಮೇಲೆ ಖಾಲಿ ಗೂಡು ತನ್ನಿ, ಎರಡು ದಿನ ತಾಳಿ ಎಂದೆ. ಖಾಲಿ ಗೂಡಿನಾಗ ಬಲ ಇರಂಗಿಲ್ಲ ಎಂದರು. ನಮ್ಮವರು ನಿನ್ನೆ ಹೂಂ ಅಂದಿ, ಇವತ್ತ ಒಲ್ಲೆ ಅಂತಿ, ಮಲಕ್ಕೋ ಹೋಗು ಎಂದರು. ಆಮೇಲೆ ಹಿತ್ತಲಲ್ಲಿ ತಾಯಿ ಮಗ ಸಣ್ಣ ದನಿಯಲ್ಲಿ ಮಾತಾಡುವುದು ಕೇಳಿತು. ನಿದ್ದೆ ಇಲ್ಲ, ಹಕ್ಕಿ ಹಕ್ಕಿ ಅಂತ ಬರೀತಾಳ, ಕೂಸಿನ ಕಿವಿ ಮುಚ್ಚತಾಳ, ಬಾಣಂತಿ ಸನ್ನಿ ಇದ್ದರೂ ಇರಬಹುದು ಎಂದು. ನಾನು ಈ ಮನೆಯಲ್ಲಿ ಇನ್ನು ಏನು ಹೇಳಿದರೂ ಅದು ಸನ್ನಿಯ ಮಾತು.

ನಾನು ಹಕ್ಕಿ ನೆರಳನ್ನು ನಂಬುವುದೇ ಇಲ್ಲ ಎಂದು ನಿನಗೆ ಬರೆಯಲಾರೆ. ಇವತ್ತೂ ಅರಿವೆ ಒಳಗೆ ತಂದಿದ್ದೇನೆ. ಆದರೆ ಹೊಗೆ ಬೇಡ. ಅಷ್ಟು ಮಾತ್ರ ನನಗೆ ಖಾತ್ರಿ ಇದೆ.

ಈ ಮನೆಯಲ್ಲಿ ಎದುರಾಡದ ಮಾತು ಒಂದೇ, ಆಫೀಸಿನ ಫೋನಿನಲ್ಲಿ ಬರುವ ಮಾತು. ನಾನು ಆ ಫೋನು ಎತ್ತುವಂತಿಲ್ಲ. ಎತ್ತಿದರೂ ನಿನ್ನ ಅಂಗಡಿ ಮುಚ್ಚಿರುತ್ತದೆ, ಯಾರು ಕೇಳಬೇಕು? ನೀನೇ ಮಾಡಬೇಕು. ಮಾವನವರನ್ನು ಎಬ್ಬಿಸು. ದಿಂಬಿನ ಕೆಳಗಿನ ಬೀಗದ ಕೈ ಕೇಳು. ಹೊತ್ತಲ್ಲದ ಹೊತ್ತಿನಲ್ಲಿ ಸೊಸೆ ಅಂಗಡಿ ತೆರೆಸಿದಳು ಎಂದು ಓಣಿ ಆಡಿಕೊಳ್ಳುತ್ತದೆ, ಗೊತ್ತು. ಯಾರ ಮಗುವಿಗೆ ಎಂದೂ ಕೇಳುತ್ತಾರೆ, ಅದೂ ಗೊತ್ತು. ಕೇಳಲಿ, ಹೇಳು. ಮಾನ್ವಿ ಎಕ್ಸ್‌ಚೇಂಜಿಗೆ ಕಾಲುವೆಯ ಸೆಕ್ಷನ್ ಆಫೀಸು ಎಂದರೆ ಸಾಕು, ಕೊಡುತ್ತಾರೆ. ಸುಂಕಪ್ಪ ಎತ್ತುತ್ತಾನೆ. ಇವರನ್ನು ಕರೆಸು. ಇವರು ನಿಂತುಕೊಂಡೇ ಕೇಳುತ್ತಾರೆ, ರೂಢಿ. ಡಾಕ್ಟರಮ್ಮ ನಾಳೆಯೇ ನೋಡುತ್ತಾರೆ, ಕೂಸಿಗೆ ಯಾವ ಹೊಗೆಯೂ ತಾಗಬಾರದು, ಮೊದಲ ಬಸ್ಸಿಗೆ ಹೊರಟು ಬನ್ನಿ ಎಂದು ಹೇಳು. ಗೇಟು ಇಳಿಸು ಎನ್ನುವ ದನಿಯಲ್ಲಿ ಹೇಳು.

ಆದರೆ ಅದಕ್ಕೂ ಮುಂಚೆ ಒಂದು ಮಾತು ಕೇಳು. ಪಕೀರಮ್ಮ ಹೇಗಿದ್ದಾಳೆ ಎಂದು ಕೇಳು. ಹೆಸರು ಹಿಡಿದು ಕೇಳು, ಪೆನ್ನು ಎತ್ತಬೇಡ. ಅವಳ ಮೇಲೆ ಯಾರದಾದರೂ ನೆರಳು ಬೀಳಲೇಬೇಕಾದರೆ ನಿನ್ನದು ಬೀಳಲಿ. ನಾಳೆ ರಾಯಚೂರಿನಲ್ಲಿ ಅವಳನ್ನು ನಿನ್ನ ತೊಡೆಯ ಮೇಲೆ ಹಾಕುತ್ತೇನೆ, ಯಾರೂ ಎತ್ತಿಕೊಳ್ಳುವುದಿಲ್ಲ.

ಹಾರ್ನ್ ಹೊಡೆಯುತ್ತಿದ್ದಾರೆ. ಆಪಿನಲ್ಲಿ ಹಕ್ಕಿ ಶುರು ಮಾಡಿದೆ. ಅದು ನಿಲ್ಲಿಸುವುದರೊಳಗೆ, ಬೆಳಗಾಗುವುದರೊಳಗೆ ಫೋನ್ ಮಾಡು ಅನ್ವರಿ. ನಾನು ಬಾಗಿಲು ತೆರೆದುಕೊಂಡು ಕೂತಿರುತ್ತೇನೆ, ಗಂಟೆ ಇಲ್ಲಿಗೆ ಕೇಳುತ್ತದೆ. ಬೆಳಗಾಗುವ ಮುಂಚೆ ಮಾಡು.

ಅಮರಾ